ಅಂತಿಮ ಪಂದ್ಯದ ಮುನ್ನಾ ವಾರ: ಆಯ್ಕೆ ಮತ್ತು ವಿವೇಕ

ಹತ್ತು ಜನರಲ್ಲಿ ಒಂಬತ್ತು ಜನರನ್ನು ಆರಿಸಬೇಕಾದವನಿಗೆ ಕಷ್ಟ ಎದುರಾಗುವುದು ಹತ್ತನೆಯವನ ವಿಷಯದಲ್ಲಿ. ಉತ್ಸವಕ್ಕೆ ವ್ಯವಸ್ಥಾಪಕರನ್ನು ನೇಮಿಸುವಾಗ, ಸಂಸ್ಥೆಗೆ ಪದಾಧಿಕಾರಿಗಳನ್ನು ಗೊತ್ತುಮಾಡುವಾಗ, ಅಂಗಡಿಯ ಗಲ್ಲೆಯಲ್ಲಿ ಕೂರಿಸಲು ಮಕ್ಕಳಲ್ಲಿ ಒಬ್ಬನನ್ನು ಆರಿಸುವಾಗ ಈ ಕಷ್ಟವನ್ನು ಅನುಭವಿಸಿದವರು ಅನೇಕರಿದ್ದಾರೆ. ಆದರೆ ಅಂತಹ ಆಯ್ಕೆಗಳೆಲ್ಲ ನಾಲ್ಕು ಗೋಡೆಗಳ ನಡುವೆ ನಡೆದುಹೋಗುತ್ತವೆ. ಇಡೀ ನಗರವೇ ಕಣ್ಣಿಟ್ಟು ನೋಡುತ್ತಿರುವಾಗ, ಒಂದೊಂದು ಹೆಸರನ್ನೂ ಬೀದಿಬೀದಿಯಲ್ಲಿ ತೂಗಿ ನೋಡುತ್ತಿರುವಾಗ ಆರಿಸಬೇಕಾಗಿ ಬಂದರೆ ಏನಾಗುತ್ತದೆಂಬುದನ್ನು ಅರಿಯಲು ಸೆಪ್ಟೆಂಬರ್ ತಿಂಗಳ ಕೊನೆಯ ವಾರದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರವನ್ನು ನೋಡಬೇಕು.

ಆ ವಾರ ಅಲ್ಲಿ ಆಸ್ಟ್ರೇಲಿಯನ್ ಫುಟ್ಬಾಲ್ ಲೀಗಿನ ಅಂತಿಮ ಪಂದ್ಯ. ನಮ್ಮ ದೇಶದವರಿಗೆ ಈ ಆಟದ ಪರಿಚಯ ಕಡಿಮೆ. ಅದರ ನಿಯಮಗಳನ್ನು ಮೊದಲು ಬರೆದಿಟ್ಟದ್ದು 1859ರಲ್ಲಿ, ಮೆಲ್ಬರ್ನಿನಲ್ಲಿಯೇ. ಕ್ರಿಕೆಟ್ ಆಡುವ ಅಂಡಾಕಾರದ ವಿಶಾಲ ಮೈದಾನವೇ ಇದರ ಅಂಗಣ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡನ್ನು ಒದ್ದು ದಾಟಿಸಿದರೆ 6 ಅಂಕ, ಪಕ್ಕದ ಕಂಬಗಳ ಮಧ್ಯೆ ಹೋದರೆ 1 ಅಂಕ. ಪ್ರತಿ ತಂಡದಿಂದ 18 ಜನ ಅಂಗಣದಲ್ಲಿರುತ್ತಾರೆ. ಬೆಂಚಿನಲ್ಲಿ ಕುಳಿತವರೂ ಸೇರಿ ಪಟ್ಟಿಯಲ್ಲಿ 23 ಹೆಸರುಗಳು. ಲೀಗಿನಲ್ಲಿ 18 ತಂಡಗಳಿದ್ದು, ತಿಂಗಳುಗಟ್ಟಲೆ ಆಡಿ ಕೊನೆಗೆ ಉಳಿಯುವ ಎರಡು ತಂಡಗಳು ಸುಮಾರು 1 ಲಕ್ಷ ಪ್ರೇಕ್ಷಕರ ಎದುರು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಸೆಣಸುತ್ತವೆ. ಪಂದ್ಯದ ಹಿಂದಿನ ದಿನವಾದ ಶುಕ್ರವಾರ ವಿಕ್ಟೋರಿಯಾ ರಾಜ್ಯದಲ್ಲಿ 2015ರಿಂದ ಸಾರ್ವತ್ರಿಕ ರಜೆ. ಆಟಗಾರರ ಮೆರವಣಿಗೆಯೂ ಅದೇ ದಿನ. ತಂಡಗಳ ಪಟ್ಟಿ ಪ್ರಕಟವಾಗುವುದು ಗುರುವಾರ ಸಂಜೆ.

ಆ ಗುರುವಾರ ಸಂಜೆಯವರೆಗೆ ನಗರದಲ್ಲಿ ಬೇರೆ ಮಾತಿಲ್ಲ. ಟ್ರಾಮಿನಲ್ಲಿ, ಕಚೇರಿಯ ಚಹಾ ವಿರಾಮದಲ್ಲಿ, ಕ್ಷೌರಿಕನ ಅಂಗಡಿಯಲ್ಲಿ, ಊಟದ ಮೇಜಿನ ಸುತ್ತ ಒಂದೇ ಚರ್ಚೆ. ತೊಡೆಯ ಸ್ನಾಯು ನೋಯಿಸಿಕೊಂಡವನು ಗುಣವಾದನೇ? ಹೋದ ವಾರ ಸೊರಗಿದವನನ್ನು ಉಳಿಸಿಕೊಳ್ಳಬೇಕೇ? ಎದುರಾಳಿಗಳ ಎತ್ತರದ ಮುನ್ಪಡೆ ಆಟಗಾರನ ಮೇಲೆ ಯಾರನ್ನು ಬಿಡಬೇಕು? ಅವರ ನಡುಪಡೆಯ ಚುರುಕಿನ ಆಟಗಾರನ ನೆರಳಿನಂತೆ ಯಾರು ಹಿಂಬಾಲಿಸಬೇಕು? ಮಳೆ ಬಂದರೆ ಎತ್ತರದವರು ಇಬ್ಬರು ಬೇಕೇ, ಒಬ್ಬ ಸಾಕೇ? ಮೂವತ್ತು ವರ್ಷ ಆಟ ನೋಡಿದ ಅಜ್ಜ ಒಂದು ಹೇಳಿದರೆ, ಅಂಕಿಅಂಶಗಳನ್ನು ಬಾಯಿಪಾಠ ಮಾಡಿದ ಮೊಮ್ಮಗ ಇನ್ನೊಂದು ಹೇಳುತ್ತಾನೆ. ಇಬ್ಬರ ಕೈಯಲ್ಲೂ ನಿರ್ಧಾರವಿಲ್ಲ. ಆದರೂ ನಿರ್ಧಾರದ ಹೊಣೆ ತಮ್ಮದೇ ಎಂಬಂತೆ ಮಾತಾಡುತ್ತಾರೆ.

ಇದನ್ನು ವ್ಯರ್ಥ ಕಾಲಕ್ಷೇಪವೆಂದು ತಳ್ಳಿಹಾಕುವುದು ಸುಲಭ. ಆದರೆ ಮನುಷ್ಯರು ಮನುಷ್ಯರನ್ನು ಹೇಗೆ ತೂಗುತ್ತಾರೆಂಬುದು ಇಂತಹ ಚರ್ಚೆಗಳಲ್ಲಿ ಮುಚ್ಚುಮರೆಯಿಲ್ಲದೆ ಕಾಣಿಸುತ್ತದೆ. ಅಲ್ಲಿ ಪಣಕ್ಕಿರುವುದೂ ಸಣ್ಣದಲ್ಲ. ಗೆದ್ದ ತಂಡದ ಪದಕಗಳು ಸಲ್ಲುವುದು ಆ ದಿನ ಆಡಿದವರಿಗೆ ಮಾತ್ರ. ವರ್ಷವಿಡೀ ಬೆವರು ಸುರಿಸಿ ತಂಡವನ್ನು ಅಲ್ಲಿಯವರೆಗೆ ತಂದವನು ಆ ಒಂದು ಪಟ್ಟಿಯಲ್ಲಿ ಇಲ್ಲದಿದ್ದರೆ ಅವನ ಕೊರಳು ಬರಿದು. ಎಷ್ಟೋ ಆಟಗಾರರಿಗೆ ಜೀವಮಾನದಲ್ಲಿ ಒಮ್ಮೆಯೂ ಆ ಅವಕಾಶ ಬರುವುದಿಲ್ಲ.

ಮೊದಲು ಜೋಡಿಗಳ ವಿಚಾರ. ಈ ಆಟದಲ್ಲಿ ಪ್ರತಿ ಆಟಗಾರನಿಗೂ ಎದುರು ತಂಡದಲ್ಲಿ ಒಬ್ಬ ಜೋಡಿ ಇರುತ್ತಾನೆ. ಯಾರಿಗೆ ಯಾರು ಎದುರು ಎಂಬ ಲೆಕ್ಕಾಚಾರವೇ ಅಭಿಮಾನಿಗಳಿಗೆ ಅತ್ಯಂತ ಪ್ರಿಯವಾದ ವಿಷಯ. 2014ರ ಅಂತಿಮ ಪಂದ್ಯದಲ್ಲಿ ಹಾಥಾರ್ನ್ ಮತ್ತು ಸಿಡ್ನಿ ತಂಡಗಳು ಎದುರಾದವು. ಹಿಂದಿನ ವರ್ಷದವರೆಗೆ ಹಾಥಾರ್ನ್ ತಂಡದಲ್ಲಿದ್ದ ಲ್ಯಾನ್ಸ್ ಫ್ರಾಂಕ್ಲಿನ್ ಆಗ ಸಿಡ್ನಿಯ ಮುನ್ಪಡೆಯಲ್ಲಿದ್ದರು. ಅವರನ್ನು ಹಳೆಯ ಗೆಳೆಯರು ತಡೆಯಬಲ್ಲರೇ ಎಂಬುದೇ ವಾರವಿಡೀ ನಡೆದ ಚರ್ಚೆ. ಪಂದ್ಯದ ದಿನ ಫ್ರಾಂಕ್ಲಿನ್ 4 ಗೋಲು ಹೊಡೆದರು. ಒಬ್ಬನ ಲೆಕ್ಕವನ್ನಷ್ಟೇ ನೋಡಿದರೆ ಅವರು ಗೆದ್ದರೆನ್ನಬೇಕು. ಆದರೆ ಹಾಥಾರ್ನ್ 137 ಅಂಕ ಗಳಿಸಿದರೆ ಸಿಡ್ನಿ 74ಕ್ಕೆ ನಿಂತಿತು. ಒಂದು ಜೋಡಿಯ ಮೇಲೆ ಕಣ್ಣು ನೆಟ್ಟವರಿಗೆ ಉಳಿದ ಹದಿನೇಳು ಜೋಡಿಗಳು ಕಾಣಲಿಲ್ಲ. ಒಂದೇ ಸರಕಿನ ಲಾಭವನ್ನು ನೋಡಿ ಇಡೀ ವರ್ಷದ ಆಢಾವೆ ಬರೆಯಲು ಹೊರಟ ವರ್ತಕನಿಗೂ ಇದೇ ಗತಿ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಇದೆ. 1970ರ ಅಂತಿಮ ಪಂದ್ಯವನ್ನು ನೋಡಲು 1,21,696 ಜನ ಸೇರಿದ್ದರು. ಅರ್ಧ ಆಟ ಮುಗಿದಾಗ ಕಾರ್ಲ್ಟನ್ ತಂಡ ಕಾಲಿಂಗ್‌ವುಡ್‌ಗಿಂತ 44 ಅಂಕ ಹಿಂದಿತ್ತು. ತರಬೇತುದಾರ ರಾನ್ ಬರಾಸಿ ಆಗ ಬೆಂಚಿನಲ್ಲಿದ್ದ ಟೆಡ್ ಹಾಪ್ಕಿನ್ಸ್ ಎಂಬ ಯುವಕನನ್ನು ಅಂಗಣಕ್ಕಿಳಿಸಿದರು. ಹಾಪ್ಕಿನ್ಸ್ 4 ಗೋಲು ಹೊಡೆದರು. ಕಾರ್ಲ್ಟನ್ 10 ಅಂಕಗಳಿಂದ ಗೆದ್ದಿತು. ಪಂದ್ಯಕ್ಕೆ ಮುಂಚಿನ ಚರ್ಚೆಗಳಲ್ಲಿ ಹಿಂದಿನ ಸಾಲಿನಲ್ಲಿದ್ದ ಹೆಸರೊಂದು ಇತಿಹಾಸವನ್ನು ತಿರುಗಿಸಿತು. ಸ್ವಾರಸ್ಯದ ಸಂಗತಿಯೆಂದರೆ, ಇದೇ ಹಾಪ್ಕಿನ್ಸ್ ಮುಂದೆ ಆಟದ ಅಂಕಿಅಂಶಗಳನ್ನು ಕಲೆಹಾಕುವ ಚಾಂಪಿಯನ್ ಡೇಟಾ ಎಂಬ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದರು. ಇಂದು ಅಭಿಮಾನಿಗಳು ಒಬ್ಬೊಬ್ಬ ಆಟಗಾರನ ಒದೆತ, ಹಿಡಿತ, ತಡೆಗಳ ಸಂಖ್ಯೆಯನ್ನು ಹಿಡಿದು ವಾದಿಸುವುದರ ಹಿಂದೆ ಆ ಸಂಸ್ಥೆಯ ದುಡಿಮೆ ಇದೆ. ಯಾವ ಲೆಕ್ಕಕ್ಕೂ ಸಿಗದೆ ಬಂದು ಪಂದ್ಯ ಗೆಲ್ಲಿಸಿದವರೇ ಲೆಕ್ಕದ ಶಾಸ್ತ್ರವನ್ನು ಕಟ್ಟಿದರು. ಲೆಕ್ಕ ಬೇಕು, ಲೆಕ್ಕಕ್ಕೆ ಬಾರದ್ದೂ ಇದೆಯೆಂಬ ಎಚ್ಚರವೂ ಬೇಕು.

2019ರಲ್ಲಿ ರಿಚ್ಮಂಡ್ ತಂಡ ಇದೇ ಎಚ್ಚರವನ್ನು ತೋರಿತು. ಗಾಯಗೊಂಡ ಒಬ್ಬ ಆಟಗಾರನ ಸ್ಥಾನಕ್ಕೆ, ಲೀಗಿನ ಒಂದು ಪಂದ್ಯವನ್ನೂ ಆಡದಿದ್ದ ಮಾರ್ಲಿಯನ್ ಪಿಕೆಟ್ ಅವರನ್ನು ನೇರವಾಗಿ ಅಂತಿಮ ಪಂದ್ಯಕ್ಕೆ ಆರಿಸಿತು. ಅಂತಿಮ ಪಂದ್ಯವೇ ಮೊದಲ ಪಂದ್ಯವಾದದ್ದು 1952ರ ನಂತರ ಅದೇ ಮೊದಲು. ಕೇಳಿದವರು ಬೆರಗಾದರು. ರಿಚ್ಮಂಡ್ 114-25ರಿಂದ ಗೆದ್ದಿತು, ಪಿಕೆಟ್ ಚೆನ್ನಾಗಿ ಆಡಿದರು. ಆದರೆ ಆ ಸ್ಥಾನಕ್ಕಾಗಿ ಕಾದಿದ್ದ ಇತರರು, ವರ್ಷದಲ್ಲಿ ಹಲವು ಪಂದ್ಯಗಳನ್ನು ಆಡಿದ್ದವರು, ಆ ಸಂಜೆ ಬೇರೆ ಬಟ್ಟೆಯಲ್ಲಿ ನಿಂತು ಕೈತಟ್ಟಬೇಕಾಯಿತು.

ಹೊರಗುಳಿದವರ ಕಥೆಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. 1993ರಲ್ಲಿ ಎಸೆಂಡನ್ ತಂಡದ ಡೆರೆಕ್ ಕಿಕೆಟ್ ಆ ವರ್ಷದ ಪಂದ್ಯಗಳೆಲ್ಲವನ್ನೂ ಆಡಿದ್ದರು. ಅಂತಿಮ ಪಂದ್ಯದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ತರಬೇತುದಾರ ಕೆವಿನ್ ಶೀಡಿ ಅವರನ್ನು ಕೈಬಿಟ್ಟಿದ್ದರು. ಎಸೆಂಡನ್ 44 ಅಂಕಗಳಿಂದ ಕಾರ್ಲ್ಟನ್ ತಂಡವನ್ನು ಸೋಲಿಸಿತು. ಕಿಕೆಟ್ ಆ ತಂಡವನ್ನು ಬಿಟ್ಟು ಸಿಡ್ನಿಗೆ ಹೋದರು. 1996ರಲ್ಲಿ ಸಿಡ್ನಿಯ ಪರವಾಗಿ ಅಂತಿಮ ಪಂದ್ಯವನ್ನು ಆಡಿದರು. ಆ ತಂಡ ಸೋತಿತು. ಎರಡನೆಯದು 2010ರದು. ಸೆಪ್ಟೆಂಬರ್ 25ರಂದು ಕಾಲಿಂಗ್‌ವುಡ್ ಮತ್ತು ಸೇಂಟ್ ಕಿಲ್ಡಾ ತಂಡಗಳ ಪಂದ್ಯ 68-68ರಲ್ಲಿ ಸಮನಾಯಿತು. ಅಂದಿನ ನಿಯಮದಂತೆ ಒಂದು ವಾರದ ಬಳಿಕ ಪಂದ್ಯವನ್ನು ಮತ್ತೆ ಆಡಿಸಲಾಯಿತು. ಮೊದಲ ಪಂದ್ಯವನ್ನು ಆಡಿದ್ದ ಲಿಯಾನ್ ಡೇವಿಸ್ ಅವರನ್ನು ಕಾಲಿಂಗ್‌ವುಡ್ ಎರಡನೆಯದಕ್ಕೆ ಕೈಬಿಟ್ಟಿತು. ಅವರ ಬದಲಿಗೆ ಬಂದ ಟೈಸನ್ ಗೋಲ್ಡ್‌ಸ್ಯಾಕ್ ಅವರೇ ಪಂದ್ಯದ ಮೊದಲ ಗೋಲನ್ನು ಹೊಡೆದರು. ಕಾಲಿಂಗ್‌ವುಡ್ 108-52ರಿಂದ ಗೆದ್ದಿತು. ಡೇವಿಸ್ ಅವರಿಗೆ ಪದಕವಿಲ್ಲ. ಮರುವರ್ಷ ಅವರು ಇಡೀ ಲೀಗಿನ ಶ್ರೇಷ್ಠರ ತಂಡಕ್ಕೆ ಆಯ್ಕೆಯಾಗುವಷ್ಟು ಚೆನ್ನಾಗಿ ಆಡಿದರೆಂಬುದನ್ನು ನೋಡಿದರೆ, ಒಂದು ವಾರದ ತೀರ್ಪು ಮನುಷ್ಯನ ಯೋಗ್ಯತೆಯ ತೀರ್ಪಲ್ಲವೆಂಬುದು ಮನದಟ್ಟಾಗುತ್ತದೆ.

ಈ ಎರಡು ನಿರ್ಧಾರಗಳೂ ಗೆಲುವಿನಲ್ಲಿ ಕೊನೆಗೊಂಡದ್ದರಿಂದ ಜನ ಅವನ್ನು ಸರಿಯೆಂದು ಬರೆದುಕೊಂಡರು. ಗೆದ್ದವನ ತಪ್ಪನ್ನು ಯಾರೂ ಹುಡುಕುವುದಿಲ್ಲ. ಆದರೆ ಫಲವನ್ನು ನೋಡಿ ನಿರ್ಧಾರವನ್ನು ಅಳೆಯುವುದು ಎಷ್ಟರ ಮಟ್ಟಿಗೆ ನ್ಯಾಯ? ಗಾಯಗೊಂಡವರನ್ನು ಆಡಿಸುವ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ.

2022ರ ಅಂತಿಮ ಪಂದ್ಯಕ್ಕೆ ಮುನ್ನ ಎರಡೂ ತಂಡಗಳಲ್ಲಿ ಒಬ್ಬೊಬ್ಬ ಸಂಶಯದ ಆಟಗಾರನಿದ್ದ. ಜೀಲಾಂಗ್ ತಂಡದ ಯುವಕ ಮ್ಯಾಕ್ಸ್ ಹೋಮ್ಸ್ ತೊಡೆಯ ಹಿಂಭಾಗದ ಸ್ನಾಯು ನೋಯಿಸಿಕೊಂಡಿದ್ದರು. ತಂಡ ಅವರನ್ನು ಹೊರಗಿಟ್ಟಿತು. ಸಿಡ್ನಿಯ ಸ್ಯಾಮ್ ರೀಡ್ ಅವರಿಗೆ ತೊಡೆಸಂದಿಯ ನೋವಿತ್ತು. ತಂಡ ಅವರನ್ನು ಸೇರಿಸಿಕೊಂಡಿತು. ರೀಡ್ ಪಂದ್ಯದ ಮಧ್ಯದಲ್ಲೇ ಹೊರಗೆ ಬರಬೇಕಾಯಿತು. ಜೀಲಾಂಗ್ 133-52ರಿಂದ ಗೆದ್ದಿತು. 2024ರಲ್ಲಿ ಅದೇ ಸಿಡ್ನಿ ತಂಡ ಕಾಲಿನ ಕೀಲು ನೋಯುತ್ತಿದ್ದ ಲೋಗನ್ ಮ್ಯಾಕ್‌ಡೊನಾಲ್ಡ್ ಅವರನ್ನು ಆಡಿಸಿತು. ಅವರೂ ಪಂದ್ಯವನ್ನು ಪೂರ್ತಿ ಆಡಲಾಗದೆ ಹೊರಬಂದರು. ಬ್ರಿಸ್ಬೇನ್ 120-60ರಿಂದ ಗೆದ್ದಿತು. ಇನ್ನು ಮುಂದೆ ಗಾಯಾಳುವನ್ನು ಆಡಿಸುವವನು ಮೂರ್ಖನೆಂದು ಅಭಿಮಾನಿಗಳು ಸೂತ್ರ ಕಟ್ಟಿದರು. ಮರುವರ್ಷ, 2025ರಲ್ಲಿ, ಬ್ರಿಸ್ಬೇನ್ ತಂಡದ ಅಂದಿನ ಸಹನಾಯಕ ಲ್ಯಾಕಿ ನೀಲ್ ಮೀನಖಂಡದ ನೋವಿನಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದರು. ತಂಡ ಅವರನ್ನು ಬದಲಿ ಆಟಗಾರನ ಸ್ಥಾನದಲ್ಲಿ ಕೂರಿಸಿ, ಪಂದ್ಯದ ಉತ್ತರಾರ್ಧದಲ್ಲಿ ಇಳಿಸಿತು. ಬ್ರಿಸ್ಬೇನ್ 122-75ರಿಂದ ಜೀಲಾಂಗ್ ತಂಡವನ್ನು ಸೋಲಿಸಿತು. ಹಿಂದಿನ ವರ್ಷದ ಸೂತ್ರ ಒಂದೇ ವರ್ಷದಲ್ಲಿ ಹಳತಾಯಿತು.

ಇಲ್ಲಿ ಗಮನಿಸಬೇಕಾದ ಭೇದವೊಂದಿದೆ. ರೀಡ್ ಮತ್ತು ಮ್ಯಾಕ್‌ಡೊನಾಲ್ಡ್ ಅವರನ್ನು ಪಂದ್ಯದ ಆರಂಭದಿಂದಲೇ ಪೂರ್ಣ ಭಾರ ಹೊರಲು ಇಳಿಸಲಾಗಿತ್ತು. ನೀಲ್ ಅವರ ವಿಷಯದಲ್ಲಿ ಭಾರವನ್ನು ಅಳತೆಮಾಡಿ ಹೊರಿಸಲಾಯಿತು. ಸಂದೇಹವಿರುವೆಡೆ ಎಲ್ಲವನ್ನೂ ಒಡ್ಡದೆ ಸ್ವಲ್ಪವನ್ನು ಮಾತ್ರ ಒಡ್ಡಿದ್ದು ವಿವೇಕದ ನಡೆ. ಹಾಗಿದ್ದರೂ ಒಂದು ಮಾತನ್ನು ಮರೆಯಲಾಗದು. ನೀಲ್ ಅವರ ಮೀನಖಂಡ ಇಳಿದ ಐದೇ ನಿಮಿಷಗಳಲ್ಲಿ ಕೈಕೊಟ್ಟಿದ್ದರೆ, ಅದೇ ನಿರ್ಧಾರವನ್ನು ಅದೇ ಜನ ಬಯ್ಯುತ್ತಿದ್ದರು. ನಿರ್ಧಾರವೊಂದು ಸರಿಯೋ ತಪ್ಪೋ ಎಂಬುದನ್ನು ಅದನ್ನು ಮಾಡಿದ ಕ್ಷಣದಲ್ಲಿ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕು. ನಂತರ ಒದಗಿದ ಭಾಗ್ಯದಿಂದಲ್ಲ. ನಷ್ಟವಾದ ವರ್ಷದ ಪ್ರತಿ ಖರೀದಿಯೂ ತಪ್ಪಲ್ಲ, ಲಾಭವಾದ ವರ್ಷದ ಪ್ರತಿ ಖರೀದಿಯೂ ಸರಿಯಲ್ಲ ಎಂಬುದನ್ನು ವ್ಯಾಪಾರಿಗಳು ಬಲ್ಲರು.

ಇನ್ನೊಂದು ಹೊಣೆ ಆಟಗಾರನದೇ. ತನ್ನ ನೋವು ಎಷ್ಟೆಂಬುದು ಅವನಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು. ಬಾಲ್ಯದಿಂದ ಕಂಡ ಕನಸು ಎರಡು ದಿನ ದೂರದಲ್ಲಿರುವಾಗ ‘ನಾನು ಸಿದ್ಧನಿಲ್ಲ’ ಎಂದು ಹೇಳಲು ಬೇಕಾಗುವ ಸತ್ಯನಿಷ್ಠೆ ಸಾಮಾನ್ಯವಾದುದಲ್ಲ. ಹಾಗೆ ಹೇಳಿದವನಿಗೆ ಯಾರೂ ಪದಕ ತೊಡಿಸುವುದಿಲ್ಲ. 2022ರಲ್ಲಿ ಹೊರಗುಳಿದ ಹೋಮ್ಸ್ ತಮ್ಮ ಗೆಳೆಯರ ಗೆಲುವಿನ ನಡುವೆ ಕಣ್ಣೀರಿಟ್ಟುದನ್ನು ಎಲ್ಲರೂ ಕಂಡರು. ಮೂರು ವರ್ಷಗಳ ನಂತರ 2025ರಲ್ಲಿ ಅವರಿಗೆ ಅಂತಿಮ ಪಂದ್ಯ ಆಡುವ ಅವಕಾಶ ಬಂತು, ಆಟದ ನಡುವೆ ತೋಳಿನ ಮೂಳೆ ಮುರಿದು ಹೊರಬರಬೇಕಾಯಿತು, ತಂಡವೂ ಸೋತಿತು. ತ್ಯಾಗಕ್ಕೆ ಮುಂದೆ ಪ್ರತಿಫಲ ಸಿಕ್ಕೇ ಸಿಗುತ್ತದೆಂದು ಮಕ್ಕಳಿಗೆ ಹೇಳುವವರು ಈ ಸಂಗತಿಯನ್ನೂ ಹೇಳಬೇಕು. ಪ್ರತಿಫಲ ಸಿಗದಿದ್ದರೂ ಮಾಡಬೇಕಾದದ್ದನ್ನು ಮಾಡಬೇಕೆಂಬುದೇ ಅದರ ಪಾಠ.

ಆಯ್ಕೆಯಲ್ಲಿ ನಡತೆಗೆ ಎಷ್ಟು ಬೆಲೆಯೆಂಬ ಪ್ರಶ್ನೆ 2018ರಲ್ಲಿ ಎದ್ದಿತು. ಆ ವರ್ಷ ಆಗಸ್ಟ್ 5ರಂದು ವೆಸ್ಟ್ ಕೋಸ್ಟ್ ತಂಡದ ಆಂಡ್ರ್ಯೂ ಗ್ಯಾಫ್, ಫ್ರೀಮ್ಯಾಂಟಲ್ ತಂಡದ ಹದಿನೆಂಟು ವರ್ಷದ ಆಂಡ್ರ್ಯೂ ಬ್ರೇಶಾ ಅವರನ್ನು ಚೆಂಡಿನಿಂದ ದೂರದಲ್ಲಿ ಮುಷ್ಟಿಯಿಂದ ಹೊಡೆದರು. ಹುಡುಗನ ದವಡೆ ಮುರಿಯಿತು. ಗ್ಯಾಫ್ ಅದಕ್ಕೆ ಮುನ್ನ ಒಳ್ಳೆಯ ನಡತೆಯವರೆಂದೇ ಹೆಸರಾಗಿದ್ದರು, ಪಶ್ಚಾತ್ತಾಪವನ್ನೂ ವ್ಯಕ್ತಪಡಿಸಿದರು. ಆದರೂ ನ್ಯಾಯಮಂಡಳಿ ಎಂಟು ಪಂದ್ಯಗಳ ನಿಷೇಧ ವಿಧಿಸಿತು. ಅವರ ತಂಡ ಅಂತಿಮ ಪಂದ್ಯಕ್ಕೆ ಬಂದಾಗ ಅವರು ಆಡುವಂತಿರಲಿಲ್ಲ. ತಂಡದ ಅತ್ಯುತ್ತಮರಲ್ಲೊಬ್ಬರಿಲ್ಲದೆ ಗೆಲ್ಲುವುದೆಂತು ಎಂದು ಅಭಿಮಾನಿಗಳು ಕೊರಗಿದರು. ಪಂದ್ಯದ ಕೊನೆಯ ಎರಡು ನಿಮಿಷಗಳೊಳಗೆ, ಗಡಿರೇಖೆಯ ಪಕ್ಕದ ಬಲು ಕಷ್ಟದ ಕೋನದಿಂದ ಡಾಮ್ ಶೀಡ್ ಹೊಡೆದ ಗೋಲಿನಿಂದ ವೆಸ್ಟ್ ಕೋಸ್ಟ್ 79-74ರಿಂದ ಗೆದ್ದಿತು. ಶೀಡ್ ಅದೇ ವರ್ಷದ ಆರಂಭದಲ್ಲಿ ತಂಡದಲ್ಲಿ ಸ್ಥಾನವಿಲ್ಲದೆ ಹೊರಗಿದ್ದವರು.

ಒಂದು ಕ್ಷಣದ ಕ್ರೋಧ ಒಬ್ಬನ ಜೀವಮಾನದ ಅವಕಾಶವನ್ನು ಕಸಿದುಕೊಂಡಿತೆಂದು ಜನ ಮರುಗುತ್ತಾರೆ. ಮರುಕ ಸಹಜ. ಆದರೆ ಅದೇ ಕ್ಷಣ ಇನ್ನೊಬ್ಬನ ಮುಖವನ್ನು ಮುರಿಯಿತೆಂಬುದನ್ನು ಮೊದಲು ನೆನೆಯಬೇಕು. ಚರ್ಚೆಯ ಕಾವಿನಲ್ಲಿ ಗ್ಯಾಫ್ ಅವರ ನಷ್ಟದ ಲೆಕ್ಕ ಹಾಕಿದವರಲ್ಲಿ ಎಷ್ಟು ಜನ ಬ್ರೇಶಾ ಅವರ ನೋವಿನ ಲೆಕ್ಕ ಹಾಕಿದರು? ತನ್ನ ತಂಡದವನ ತಪ್ಪು ಪ್ರಮಾದವಾಗಿ, ಎದುರಾಳಿಯ ಅದೇ ತಪ್ಪು ದುಷ್ಟತನವಾಗಿ ಕಾಣುವುದು ರಾಗದ್ವೇಷಗಳ ಸಹಜ ಕೆಲಸ.

ಅಭಿಮಾನಿಯ ಮಾತಿಗೂ ಒಂದು ಮೇರೆ ಬೇಕು. ಸಿಡ್ನಿಯ ಆಡಮ್ ಗುಡ್ಸ್ ಎರಡು ಬಾರಿ ಲೀಗಿನ ಶ್ರೇಷ್ಠ ಆಟಗಾರನ ಪದಕವನ್ನೂ ಎರಡು ಬಾರಿ ತಂಡದ ಗೆಲುವಿನ ಪದಕವನ್ನೂ ಪಡೆದವರು, ಮೂಲನಿವಾಸಿ ಜನಾಂಗದವರು. 2013ರಲ್ಲಿ ಪ್ರೇಕ್ಷಕರ ನಡುವಿನಿಂದ ಹದಿಮೂರು ವರ್ಷದ ಬಾಲಕಿಯೊಬ್ಬಳು ಅವರನ್ನು ಹೀನ ಮಾತಿನಿಂದ ಕರೆದಳು. ಆ ಬಾಲಕಿಯನ್ನು ದೂಷಿಸಬೇಡಿರೆಂದು ಅವರೇ ಜನರನ್ನು ಕೇಳಿಕೊಂಡರು. ಆದರೂ ಮುಂದಿನ ಎರಡು ವರ್ಷಗಳಲ್ಲಿ ಮೈದಾನಗಳಲ್ಲಿ ಅವರನ್ನು ಕಂಡೊಡನೆ ಕೂಗಿ ಅಣಕಿಸುವುದು ಹೆಚ್ಚಿತು. 2015ರಲ್ಲಿ ಅವರು ಆಟದಿಂದ ನಿವೃತ್ತರಾದರು. 2019ರಲ್ಲಿ ಲೀಗು ಮತ್ತು 18 ತಂಡಗಳು ಅವರ ಕ್ಷಮೆ ಕೇಳಿದವು. ಕೂಗಿದವರಲ್ಲಿ ಅನೇಕರು ತಾವು ಆಟವನ್ನಷ್ಟೇ ವಿಮರ್ಶಿಸುತ್ತಿದ್ದೇವೆಂದು ಹೇಳಿಕೊಂಡರು. ‘ಇವನು ಈ ಸ್ಥಾನಕ್ಕೆ ತಕ್ಕವನಲ್ಲ’ ಎಂಬುದು ವಿಮರ್ಶೆ. ‘ಇವನು ತಕ್ಕ ಮನುಷ್ಯನೇ ಅಲ್ಲ’ ಎಂಬುದು ಹಿಂಸೆ. ಮೊದಲನೆಯದರಿಂದ ಎರಡನೆಯದಕ್ಕೆ ನಾಲಗೆ ಜಾರಲು ಹೆಚ್ಚು ಹೊತ್ತು ಬೇಕಿಲ್ಲ.

ಮಾತು ಹಣಕ್ಕೆ ತಿರುಗುವುದೂ ಅಷ್ಟೇ ಸುಲಭ. ಯಾರು ಮೊದಲ ಗೋಲು ಹೊಡೆಯುತ್ತಾನೆಂಬ ಊಟದ ಮೇಜಿನ ಪ್ರಶ್ನೆ ಇಂದು ದೂರವಾಣಿಯ ಪರದೆಯ ಮೇಲೆ ಪಣದ ದರವಾಗಿ ಕಾಣಿಸಿಕೊಳ್ಳುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಪಿಡುಗು ಎಷ್ಟು ಬೆಳೆದಿದೆಯೆಂದರೆ, ಸಂಸದೆ ಪೀಟಾ ಮರ್ಫಿ ಅವರ ಅಧ್ಯಕ್ಷತೆಯ ಸಂಸತ್ ಸಮಿತಿ 2023ರಲ್ಲಿ ಅಂತರ್ಜಾಲದ ಜೂಜಿನ ಜಾಹೀರಾತುಗಳನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ಪೂರ್ತಿ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಸಪ್ತವ್ಯಸನಗಳ ಎಣಿಕೆಯಲ್ಲಿ ಜೂಜನ್ನು ಮೊದಲಿಗೆ ಇರಿಸಿದ ಹಿರಿಯರಿಗೆ ಈ ಶಿಫಾರಸಿನ ಕಾರಣವನ್ನು ವಿವರಿಸಬೇಕಾಗಿರಲಿಲ್ಲ.

ಇಷ್ಟೆಲ್ಲ ದೋಷಗಳ ನಡುವೆಯೂ ಆಟ ಒಮ್ಮೊಮ್ಮೆ ಮನುಷ್ಯನ ಒಳ್ಳೆಯತನವನ್ನು ಹೊರತರುತ್ತದೆ. 2016ರಲ್ಲಿ ವೆಸ್ಟರ್ನ್ ಬುಲ್‌ಡಾಗ್ಸ್ ತಂಡದ ನಾಯಕ ಬಾಬ್ ಮರ್ಫಿ. ವರ್ಷದ ಮೂರನೆಯ ಸುತ್ತಿನಲ್ಲೇ ಅವರ ಮೊಣಕಾಲಿನ ಸ್ನಾಯುಬಂಧ ಹರಿದು, ಆ ಇಡೀ ವರ್ಷ ಅವರು ಆಡಲಾಗಲಿಲ್ಲ. ತಂಡ ಪಟ್ಟಿಯಲ್ಲಿ ಏಳನೆಯ ಸ್ಥಾನದಿಂದ ಮೇಲೆದ್ದು ಅಂತಿಮ ಪಂದ್ಯಕ್ಕೆ ಬಂದಿತು. ಅಕ್ಟೋಬರ್ 1ರಂದು ಸಿಡ್ನಿಯನ್ನು 89-67ರಿಂದ ಸೋಲಿಸಿತು. 1954ರ ನಂತರ 62 ವರ್ಷ ಕಾದ ಗೆಲುವದು. ಪದಕ ಪ್ರದಾನದ ವೇಳೆ ತರಬೇತುದಾರ ಲ್ಯೂಕ್ ಬೆವರಿಜ್ ತಮಗೆ ಸಂದ ಪದಕವನ್ನು ಕೊರಳಿನಿಂದ ತೆಗೆದು, ಮರ್ಫಿ ಅವರನ್ನು ವೇದಿಕೆಗೆ ಕರೆದು ತೊಡಿಸಿದರು. ಮರ್ಫಿ ಅದನ್ನು ಆ ಹೊತ್ತು ಸ್ವೀಕರಿಸಿ, ಮರುದಿನವೇ ಹಿಂದಿರುಗಿಸಿದರು. 2017ರಲ್ಲಿ ಅವರು ನಿವೃತ್ತರಾದಾಗ 312 ಪಂದ್ಯಗಳನ್ನು ಆಡಿದ್ದರು. ಅವುಗಳಲ್ಲಿ ಒಂದೂ ಅಂತಿಮ ಪಂದ್ಯವಾಗಿರಲಿಲ್ಲ.

ಕೊಟ್ಟವರದು ದೊಡ್ಡ ಮನಸ್ಸು. ಹಿಂದಿರುಗಿಸಿದವರದು ಅದಕ್ಕಿಂತ ಕಡಿಮೆಯದಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸಿ ಕೊಟ್ಟವರ ಮನ ನೋಯಿಸದೆ, ತನ್ನದಲ್ಲದ್ದನ್ನು ಇಟ್ಟುಕೊಳ್ಳದೆ ನಡೆದ ಆ ನಡೆಯಲ್ಲಿ ಸಂಯಮದ ಸೊಗಸಿದೆ.

ಆಯ್ಕೆಯ ಅಧಿಕಾರವುಳ್ಳವರು ಈ ಪ್ರಸಂಗಗಳಿಂದ ಪಡೆಯಬಹುದಾದದ್ದು ಇಷ್ಟು. ಅರ್ಹನನ್ನು ಆರಿಸುವಾಗ ಲೆಕ್ಕವನ್ನೂ ನೋಡಬೇಕು, ಲೆಕ್ಕದಾಚೆಯದನ್ನೂ ನೋಡಬೇಕು. ಸಂದೇಹವಿರುವಲ್ಲಿ ಹೊಣೆಯನ್ನು ಅಳತೆಯಿಂದ ಹೊರಿಸಬೇಕು. ಹೊರಗುಳಿಯುವವನಿಗೆ ಕಾರಣವನ್ನು ಎದುರಿಗೆ ಕುಳಿತು ಹೇಳಬೇಕು. ಗೋಡೆಗೆ ಅಂಟಿಸಿದ ಪಟ್ಟಿಯಿಂದ ಅವನು ತಿಳಿಯುವಂತಾಗಬಾರದು. ಗೆಲುವಿನ ದಿನ ಅವನ ದುಡಿಮೆಯನ್ನು ನಾಲ್ಕು ಜನರ ಮುಂದೆ ನೆನೆಯಬೇಕು. ಅಧಿಕಾರವಿಲ್ಲದೆ ಚರ್ಚೆ ಮಾತ್ರ ಮಾಡುವವರ ಪಾಲಿಗೂ ಒಂದು ಕರ್ತವ್ಯವಿದೆ. ಗುರುವಾರ ಸಂಜೆ ಪಟ್ಟಿ ಹೊರಬಿದ್ದಾಗ, ತಾವು ಬೇಡವೆಂದು ವಾದಿಸಿದ್ದ ಆಟಗಾರನ ಹೆಸರು ಅದರಲ್ಲಿದ್ದರೆ, ಶನಿವಾರ ಅವನಿಗಾಗಿ ಮನಸಾರೆ ಕೈತಟ್ಟುವುದು. ಮೆಲ್ಬರ್ನಿನ ಅಜ್ಜ ಮೊಮ್ಮಕ್ಕಳಲ್ಲಿ ಹೆಚ್ಚಿನವರು ಪ್ರತಿ ವರ್ಷವೂ ಈ ಕರ್ತವ್ಯವನ್ನು ಯಾರೂ ಕಲಿಸದೆಯೇ ನೆರವೇರಿಸುತ್ತಾರೆ. ಸಭೆಯಲ್ಲಿ ಸೋತ ಅಭಿಪ್ರಾಯವನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಹೊತ್ತು ತಿರುಗುವ ಸಂಸ್ಥೆಗಳ ಸದಸ್ಯರು ಅವರಿಂದ ಕಲಿಯಲು ಸಂಕೋಚಪಡಬೇಕಾಗಿಲ್ಲ.